ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳು ಶಾಸ್ತ್ರೀಯ ಸಂಗೀತಕ್ಕೆ ಕೂರುತ್ತಾರಾ?

ನೀವು ಕೇಳಿರುವುದು ಇಷ್ಟು: ನಿಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಕರ್ನಾಟಕ ಸಂಗೀತದ ಕಚೇರಿ ಮಾಡಿಸಬೇಕು ಅಂತಿದ್ದೀರಿ. ಅವರು ಕೂತು ಕೇಳುತ್ತಾರಾ, ಇಲ್ಲಾ ಹತ್ತೇ ನಿಮಿಷಕ್ಕೆ ಗಲಾಟೆ ಶುರುವಾಗುತ್ತಾ?

ಕಚೇರಿ ಮಾಡಿಸಿದರೆ ಖಂಡಿತ ಕೂರಲ್ಲ. ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಮೃದಂಗ, ಘಟ ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ದೊಡ್ಡವರೇ ಕಾಫಿಗೆ ಎದ್ದು ಹೋಗುತ್ತಾರೆ, ಇನ್ನು ಮಕ್ಕಳನ್ನು ಯಾಕೆ ಬೈಯಬೇಕು? (ನಾನು ಮೃದಂಗದವನು. ಈ ನೋವು ಸ್ವಂತದ್ದು.) ಆದರೆ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಿ, ಮುಕ್ಕಾಲು ಗಂಟೆ ಅಲ್ಲಾಡಲ್ಲ. ಒಬ್ಬರು ಹಾಡುವವರು, ಘಟ ನುಡಿಸುವ ಗೆಳೆಯ, ನಾನು, ಮೂವರೂ ಕೆಲವು ವರ್ಷಗಳಿಂದ ಹೀಗೆ ಶಾಲೆಗಳಿಗೆ ಹೋಗುತ್ತಿದ್ದೇವೆ.

ಮೊದಲ ಸಲ ಪೂರ್ತಿ ಕೆಟ್ಟಿತು. ಒಂದು ಶಾಲೆಯಲ್ಲಿ ನಾನೂರು ಮಕ್ಕಳನ್ನು ಮೈದಾನದಲ್ಲಿ ಕೂರಿಸಿದ್ದರು. ದೀಪ ಬೆಳಗಿಸಿ, ಹಾರ ಹಾಕಿ, ಭಾಷಣ ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾವು ವರ್ಣ (ಕಚೇರಿಯಲ್ಲಿ ಸಾಮಾನ್ಯವಾಗಿ ಮೊದಲು ಹಾಡುವ ರಚನೆ) ಶುರು ಮಾಡಿದೆವು. ಮೂರನೇ ಸಾಲಿನ ಹುಡುಗ ಮುಂದಿನವನ ಬೆನ್ನ ಮೇಲೆ ತಬಲಾ ಬಾರಿಸುತ್ತಿದ್ದ. ಟೀಚರ್ ಬಂದು ಅವನ ಕಿವಿ ಹಿಂಡಿದರು. ಆಮೇಲೆ ಅನ್ನಿಸಿತು, ಅಲ್ಲಿ ತಾಳ ಹಾಕುತ್ತಿದ್ದವನು ಅವನೊಬ್ಬನೇ ಅಲ್ವಾ!

ಈಗ ನಾವು ಆ ಹುಡುಗನಿಂದಲೇ ಶುರು ಮಾಡುತ್ತೇವೆ. ಮಾತಿಲ್ಲ, ಪರಿಚಯವಿಲ್ಲ. ಸೀದಾ ಹೋಗಿ ಕೂತು ‘ತಕಿಟ’ ಅಂದರೆ ಅವರೂ ‘ತಕಿಟ’ ಅನ್ನಬೇಕು. ‘ತಕದಿಮಿ’ ಅಂದರೆ ‘ತಕದಿಮಿ’. ಸ್ವಲ್ಪ ಹೊತ್ತಿಗೆ ನಾನು ‘ಚಕ್ಕುಲಿ’ ಅನ್ನುತ್ತೇನೆ. ಮೂರಕ್ಷರ, ತಕಿಟದ ಜಾಗಕ್ಕೆ ಸರಿಯಾಗಿ ಕೂರುತ್ತೆ. ‘ಕೋಡುಬಳೆ’ ನಾಲ್ಕು. ಎರಡೂ ಸೇರಿಸಿ ‘ಚಕ್ಕುಲಿ ಕೋಡುಬಳೆ, ಚಕ್ಕುಲಿ ಕೋಡುಬಳೆ’ ಅಂತ ಹೇಳುತ್ತಾ ಚಪ್ಪಾಳೆ ತಟ್ಟಿದರೆ ಏಳು, ಅದೇ ಮಿಶ್ರ ಚಾಪು ಅನ್ನುವ ತಾಳ. (ಛಂದಸ್ಸು ಓದಿದವರು ಗುರು ಲಘು ಎಣಿಸಿಕೊಂಡು ಜಗಳಕ್ಕೆ ಬರಬೇಡಿ, ಇಲ್ಲಿ ಅಕ್ಷರ ಮಾತ್ರ ಲೆಕ್ಕ.) ದೊಡ್ಡವರು ಸಂಗೀತದ ಕ್ಲಾಸಿನಲ್ಲಿ ತಿಣುಕಾಡುವ ತಾಳ ಎರಡನೇ ಕ್ಲಾಸಿನವರಿಗೆ ಐದು ನಿಮಿಷದಲ್ಲಿ ಬಾಯಿಗೆ ಬರುತ್ತೆ. ಅವರ ಚಪ್ಪಾಳೆಯ ಮೇಲೆ ನಾನು ಮೃದಂಗ ಹಿಡಿದಾಗ ಮುಖ ನೋಡಬೇಕು. ನಾನು ಅವರಿಗೆ ಪಕ್ಕವಾದ್ಯ!

ಆಮೇಲೆ ಆದಿತಾಳ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ಕೈ ಮಗುಚು, ಪೆಟ್ಟು, ಕೈ ಮಗುಚು. ಎಂಟು ಎಣಿಕೆ. ಹಾಡು ಮಧ್ಯದಲ್ಲಿ ನಿಲ್ಲಿಸುತ್ತೇವೆ, ಕೈ ಮಾತ್ರ ನಡೀತಾ ಇರಬೇಕು. ಮೊದಲ ಪೆಟ್ಟು ಬಂದಾಗ ಎಲ್ಲರೂ ‘ತಾ’ ಅಂತ ಕೂಗಬೇಕು. ಅರ್ಧ ಜನ ತಪ್ಪುತ್ತಾರೆ, ನಗುತ್ತಾರೆ. ಟೀಚರುಗಳೂ ತಪ್ಪಿದರೆ ಇನ್ನೂ ಜೋರಾಗಿ ನಗುತ್ತಾರೆ. ಹಾಗಾಗಿ ಟೀಚರುಗಳು ಮಕ್ಕಳ ಜೊತೆ ನೆಲದ ಮೇಲೇ ಕೂರಲಿ. ಪಕ್ಕದಲ್ಲಿ ನಿಂತು ‘ಶ್!’ ಅನ್ನುವುದು ಬೇಡ.

ರಾಗಕ್ಕೆ ಮೋಹನ ಒಳ್ಳೆಯದು. ಸ, ರಿ, ಗ, ಪ, ದ, ಐದೇ ಸ್ವರ. ‘ಮ’ ಮತ್ತು ‘ನಿ’ ಈ ಮನೆಗೆ ಬರುವಂತಿಲ್ಲ ಅಂತ ಹೇಳಿ ನಮ್ಮ ಹಾಡುವವರು ಹಾಡುತ್ತಾರೆ. ನಡುವೆ ಬೇಕಂತಲೇ ಒಂದು ‘ಮ’ ನುಸುಳಿಸುತ್ತಾರೆ. ಮಕ್ಕಳು ‘ಕಳ್ಳ!’ ಅಂತ ಕೂಗಬೇಕು. ಮೊದಲು ಸ್ವರದ ಹೆಸರು ಹೇಳಿ ಹಾಡಿದಾಗ ಹಿಡಿಯುತ್ತಾರೆ. ಆಮೇಲೆ ಹೆಸರು ಬಿಟ್ಟು ಬರೀ ‘ಆ’ ಅಂತ ಹಾಡಿದರೂ ಒಬ್ಬಿಬ್ಬರಾದರೂ ಹಿಡಿದೇ ಹಿಡಿಯುತ್ತಾರೆ.

ಇಂಗ್ಲಿಷ್ ರೈಮ್ಸ್ ಮಾತ್ರ ಗೊತ್ತಿರುವ ಮಕ್ಕಳಾದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಹಾಡಿಸಿ. ದೀಕ್ಷಿತರು (1775–1835) ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ ಪುಟ್ಟ ರಚನೆಗಳು ಅವು. ‘ಶ್ಯಾಮಳೇ ಮೀನಾಕ್ಷಿ’ ಇರುವುದು ನಮ್ಮ ಮಕ್ಕಳ ‘ಟ್ವಿಂಕಲ್ ಟ್ವಿಂಕಲ್’ ಧಾಟಿಯಲ್ಲೇ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಇಡೀ ಕೋಣೆ ಟ್ವಿಂಕಲ್ ಹಾಡುತ್ತಿರುತ್ತೆ. ಹಾಡಲಿ ಬಿಡಿ.

ವಾದ್ಯಗಳನ್ನು ಹತ್ತಿರದಿಂದ ತೋರಿಸಲು ಕೊನೆಗೆ ಹತ್ತು ನಿಮಿಷ ಇಡಿ. ಮೃದಂಗದ ಎಡಮುಖಕ್ಕೆ ನಾನು ರವೆ ಕಲಸಿ ಮೆತ್ತುತ್ತೇನೆ, ಆಗ ನಾದ ತಗ್ಗಿ ತುಂಬಿಕೊಳ್ಳುತ್ತೆ. ಒಬ್ಬಳು ಕೇಳಿದಳು, ‘ಅಂಕಲ್, ಉಪ್ಪಿಟ್ಟು ಯಾಕೆ ಹಚ್ಚಿದ್ದೀರ?’ ಇನ್ನೊಬ್ಬ ಘಟದವನ ಹತ್ತಿರ ಹೋಗಿ, ‘ಮಡಕೆ ಬಾಯಿ ಹೊಟ್ಟೆಗೆ ಯಾಕೆ ಒತ್ತಿಕೊಳ್ತೀರ, ಹಸಿವಾ?’ ಅಂದ. ಗೆಳೆಯ ಮಡಕೆಯ ಬಾಯಿ ತೆರೆದಿಟ್ಟು ಒಂದು ಸಲ, ಹೊಟ್ಟೆಗೆ ಒತ್ತಿ ಒಂದು ಸಲ ಬಾರಿಸಿ ತೋರಿಸಿದ. ವಿವರಣೆ ಅಷ್ಟೇ. ನಾನು ಕಲ್ಲು, ಸುತ್ತಿಗೆ ತೆಗೆದು ಬಲಮುಖದ ಶ್ರುತಿ ಸೇರಿಸುವುದನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಘಟವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ತಮಿಳುನಾಡಿನ ಮಾನಾಮದುರೈನಿಂದ ತರಿಸಿದ ಮಡಕೆ, ಒಡೆದರೆ ಗೆಳೆಯ ಅಳುತ್ತಾನೆ. ತಂಬೂರಿ ಮೀಟಲು ಬಿಡಿ, ಅದಕ್ಕೆ ಯಾವ ತಪ್ಪೂ ಇಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ನಲವತ್ತು, ಐವತ್ತು ಮಕ್ಕಳು ಸಾಕು. ನಾನೂರಿದ್ದರೆ ಬೇರೆ ಬೇರೆ ದಿನ ಮಾಡಿ. ಜಮಖಾನ ಹಾಸಿ, ವೇದಿಕೆ, ಮೈಕು ಬೇಡ. ಬೆಳಗ್ಗೆಯೇ ಇಡಿ, ಊಟವಾದ ಮೇಲೆ ಅರ್ಧ ಕ್ಲಾಸು ತೂಕಡಿಸುತ್ತೆ. ಕಲಾವಿದರು ಗೊತ್ತಿಲ್ಲದಿದ್ದರೆ ಸ್ಪಿಕ್ ಮೆಕೆ ಸ್ವಯಂಸೇವಕರನ್ನು ಕೇಳಿ. ದೆಹಲಿ ಐಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಕಿರಣ್ ಸೇಠ್ 1977ರಲ್ಲಿ ಶುರು ಮಾಡಿದ ಸಂಸ್ಥೆ, ಶಾಲೆ ಕಾಲೇಜುಗಳಿಗೆ ಕಲಾವಿದರನ್ನು ಕರೆತರುವುದೇ ಅವರ ಕೆಲಸ. ನೀವೇ ಯಾರನ್ನಾದರೂ ಕರೆದರೆ ದುಡ್ಡು ಕೊಡಿ. ‘ಮಕ್ಕಳ ಪ್ರೋಗ್ರಾಂ ಅಲ್ವಾ, ಸುಮ್ನೆ ಬಂದು ಹೋಗಿ’ ಅಂತ ಫೋನ್ ಮಾಡುವವರು ಜಾಸ್ತಿ ಆಗಿದ್ದಾರೆ. ಆಟೋದವನು ಹಾಗೆ ಬರಲ್ಲ.

ಒಂದೇ ಸಲ ಮಾಡಿ ಬಿಟ್ಟರೆ ಮಕ್ಕಳು ಮರೆಯುತ್ತಾರೆ. ಆ ವರ್ಷದಲ್ಲೇ ಇನ್ನೆರಡು ಸಲ ಅದೇ ಮಕ್ಕಳಿಗೆ ಇಡಿ. ಹೋದ ಸಲ ನಾನು ಒಬ್ಬನೇ ಎರಡನೇ ಭೇಟಿಗೆ ಹೋಗಿದ್ದೆ. ಗೇಟಿನ ಹತ್ತಿರವೇ ಮೂವರು ಹುಡುಗಿಯರು ‘ಚಕ್ಕುಲಿ ಕೋಡುಬಳೆ’ ತಟ್ಟುತ್ತಾ ಓಡಿ ಬಂದರು. ಖುಷಿಯಾಯಿತು. ಬಂದವರೇ ನನ್ನ ಹಿಂದೆ ಇಣುಕಿ ನೋಡಿ ಕೇಳಿದರು, ‘ಮಡಕೆ ಅಂಕಲ್ ಬಂದಿಲ್ವಾ?’