ಟ್ರೂಬಡೂರ್ ಕವಿಗಳು ಪ್ರೇಯಸಿಯನ್ನು 'ನನ್ನ ಒಡೆಯ' ಎಂದು ಕರೆದದ್ದು ಯಾಕೆ?

ಯಾಕೆಂದರೆ ನಿಷ್ಠೆ ಹೇಳಿಕೊಳ್ಳಲು ಅವರ ಕೈಗೆ ಸಿದ್ಧವಾಗಿ ಸಿಕ್ಕಿದ್ದು ಧಣಿಗೂ ಅವನ ಬಂಟನಿಗೂ ನಡುವಿನ ಭಾಷೆ. ಅದನ್ನೇ ಪ್ರೇಮಕ್ಕೆ ತಂದರು.

ಟ್ರೂಬಡೂರರು 12 ಮತ್ತು 13ನೇ ಶತಮಾನದಲ್ಲಿ, ಮುಖ್ಯವಾಗಿ ಈಗಿನ ದಕ್ಷಿಣ ಫ್ರಾನ್ಸಿನಲ್ಲಿ, ಆಕ್ಸಿಟನ್ ಭಾಷೆಯಲ್ಲಿ ಹಾಡು ಕಟ್ಟಿದವರು. ಆ ಕಾಲದಲ್ಲಿ ಬಂಟ ಮಂಡಿಯೂರಿ, ಜೋಡಿಸಿದ ಕೈಗಳನ್ನು ಧಣಿಯ ಅಂಗೈಗಳ ನಡುವೆ ಇಟ್ಟು ಮಾತು ಕೊಡುತ್ತಿದ್ದ. ಬಂಟ ಸೇವೆ ಮಾಡಬೇಕು, ಧಣಿ ಕಾಪಾಡಬೇಕು. ಕವಿ ಮಾಡಿದ್ದಿಷ್ಟೇ: ಧಣಿಯ ಜಾಗದಲ್ಲಿ ಹೆಣ್ಣನ್ನು ಕೂರಿಸಿದ. ಅವಳನ್ನು 'ಮಿಡೋನ್ಸ್' ಎಂದ. ಲ್ಯಾಟಿನ್‌ನ 'ನನ್ನ ಒಡೆಯ' ಎಂಬ ಗಂಡು ಪದದಿಂದ ಬಂದದ್ದು ಇದು.

ಹಾಗಾಗಿ ಇದು ಸುಮ್ನೆ ಹೊಗಳಿಕೆಯಲ್ಲ. ಇದರಲ್ಲಿ ಸ್ವಲ್ಪ ಜಾಣತನವೂ ಇದೆ. ಸೇವೆ ಮಾಡಿದ ಮೇಲೆ ಪ್ರತಿಫಲ ಕೇಳಬಹುದು, ಅಲ್ವಾ? ಬೆರ್ನಾರ್ಟ್ ದ ವೆಂಟಡೋರ್ನ್ ಎಂಬ ಟ್ರೂಬಡೂರ್ ತನ್ನ ಪ್ರಸಿದ್ಧ ಬಾನಾಡಿಯ ಹಾಡಿನಲ್ಲಿ, ಬೇಡಿಕೆಯೂ ಕರುಣೆಯೂ ನನಗಿರುವ ಹಕ್ಕೂ ಅವಳ ಮುಂದೆ ನಡೆಯಲಿಲ್ಲ ಎಂದು ಕೊರಗುತ್ತಾನೆ. ಪ್ರೇಮದಲ್ಲಿ ಹಕ್ಕಿನ ಮಾತು! ಬಂಟನ ದೂರಿನ ಹಾಗೇ ಇದೆ.

ತಮಾಷೆಯೆಂದರೆ, ನಮಗೆ ಹಾಡುಗಳು ಸಿಕ್ಕಿರುವ ಮೊದಲ ಟ್ರೂಬಡೂರ್ ಸ್ವತಃ ದೊಡ್ಡ ಧಣಿ: ಅಕ್ವಿಟೇನಿನ ಡ್ಯೂಕ್ 9ನೇ ಗಿಲ್ಹೆಮ್. ಹೆಂಗಸರೂ ಸುಮ್ಮನಿರಲಿಲ್ಲ. ಡಿಯಾದ ಕೌಂಟೆಸ್ ಎಂಬ ಕವಯಿತ್ರಿ ಇದೇ ಧಾಟಿಯಲ್ಲಿ, ಕೈಕೊಟ್ಟ ಗಂಡಸನ್ನೇ ತರಾಟೆಗೆ ತೆಗೆದುಕೊಂಡಳು.