ಕ್ರೈಸ್ತ ದೃಷ್ಟಿಯೊಳಗ ದೇವರು ಮೆಚ್ಚೋ ನಾಯಕ ಹೆಂಗಿರಬೇಕು?

ಭಾಷಣ ಚೊಲೋ ಮಾಡ್ತಾನ ಅಂದಕೂಡ್ಲೇ ನಾಯಕ ಮಾಡೋದು ನಮ್ಮಲ್ಲಿ ರೂಢಿ ಆಗೇದ, ಬೈಬಲ್ ನೋಡೋದು ಬ್ಯಾರೇನ ರೀ. ನಿಮ್ಮೊಳಗ ದೊಡ್ಡಾಂವ ಆಗಬೇಕಂದಾಂವ ಸೇವಕ ಆಗಬೇಕು ಅಂತ ಯೇಸು ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಾಗ ಹೇಳ್ತಾನ, ಬರೇ ಹೇಳಲಿಲ್ಲ, ಕಡೀ ಊಟದ ರಾತ್ರಿ ಸೊಂಟಕ್ಕ ಟವೆಲ್ ಕಟ್ಕೊಂಡು ಶಿಷ್ಯರ ಕಾಲು ತೊಳದ, ತನ್ನ ಹಿಡಕೊಡೋ ಯೂದನ ಕಾಲೂ ಅದರಾಗ ಇದ್ವು.

ನನಗ ಭಾಳ ಹಿಡಸೋದು ನೆಹೆಮೀಯ. ಯೆರೂಸಲೇಮಿನ ಗೋಡೆ ಕಟ್ಟಿಸಿದಾಂವ, 12 ವರ್ಷ ಅಧಿಪತಿ ಆಗಿದ್ರೂ ಆ ಹುದ್ದೆಗೆ ಬರೋ ಊಟದ ಭತ್ಯೆ ಮುಟ್ಟಲಿಲ್ಲ, ಮಂದಿ ಹೊಲಾ ಮನಿ ಒತ್ತಿ ಇಟ್ಟು ಸಾಲದಾಗ ಮುಳುಗಿದ್ರು, ಬಡ್ಡಿ ತಿನ್ನೋ ದೊಡ್ಡವರನ್ನ ಎಲ್ಲಾರ ಮುಂದ ನಿಂದರಿಸಿ ಕೇಳಿದ. ರೊಕ್ಕದಾಗ ಕೈ ಸ್ವಚ್ಛ ಇದ್ದಾಂವಗಷ್ಟ ಆ ಧೈರ್ಯ ಬರ್ತದ.

ತಪ್ಪು ಒಪ್ಕೊಳ್ಳೋದೂ ಬೇಕು, ದಾವೀದ ಇನ್ನೊಬ್ಬನ ಹೆಂಡತೀನ ತಗೊಂಡಿದ್ದ, ಪ್ರವಾದಿ ನಾತಾನ ಬಂದು ಅನ್ಯಾಯ ಮಾಡಿದಾಂವನೊಬ್ಬನ ಕಥಿ ಹೇಳಿ ಆ ಮನುಷ್ಯ ನೀನ ಅಂದಾಗ ಅರಸ ಆಗಿದ್ರೂ ಪಾಪ ಮಾಡೀನಿ ಅಂದ.

ಬೆಟಗೇರಿಯ ನಮ್ಮ ಚರ್ಚಿನ ಹಿರಿಯರೊಬ್ಬರು ಸುಗ್ಗಿ ಹಬ್ಬದ ಊಟ ಮುಗದ ಮ್ಯಾಲ ಧೋತರ ಎತ್ತಿಕಟ್ಟಿ ಸಾರಿನ ಬೋಗಾಣಿ ತಿಕ್ಕೋತ ಕುಂತಿರ್ತಾರ, ಕಮಿಟಿ ಮೀಟಿಂಗ್‌ನ್ಯಾಗ ಅವರು ಒಂದ ಮಾತು ಅಂದ್ರ ಯಾರೂ ಎದುರಾಡೂದಿಲ್ಲ.