ಹಳೇ ಜೀಪಿಗೆ ಹೊಸ ಇಂಜಿನ್: ಬ್ರೇಕ್ ಸಾಕಾ?

ಪ್ರಶ್ನೆ: ಅಜ್ಜನ ಕಾಲದ ವಿಲ್ಲೀಸ್ ಜೀಪಿಗೆ ಜಾಸ್ತಿ ಪವರಿನ ಡೀಸೆಲ್ ಇಂಜಿನ್ ಕೂರಿಸಬೇಕು ಅಂದುಕೊಂಡಿದ್ದೇನೆ. ಹಳೇ ಬ್ರೇಕೇ ಸಾಕಾ ಸಾರ್?
– ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಎರಡನೇ ಮಹಾಯುದ್ಧದ ವಿಲ್ಲೀಸ್ ಇಂಜಿನ್ 60 ಅಶ್ವಶಕ್ತಿಯದು, ನಾಲ್ಕೂ ಚಕ್ರದ ಡ್ರಮ್ ಬ್ರೇಕ್ ಅದಕ್ಕೆ ತಕ್ಕಂತೆ ಮಾಡಿದ್ದು. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು, ಅದೆಲ್ಲ ಡ್ರಮ್ಮಿನಲ್ಲಿ ಬಿಸಿಯಾಗುತ್ತದೆ, ಆಗುಂಬೆ ಘಾಟಿಯಲ್ಲಿ ಪೆಡಲ್ ಒತ್ತಿಕೊಂಡೇ ಇಳಿದರೆ ಕೆಳಗೆ ಬರುವಷ್ಟರಲ್ಲಿ ಹಿಡಿತವೇ ಇರುವುದಿಲ್ಲ. ಹಳ್ಳ ದಾಟಿ ಡ್ರಮ್ ಒದ್ದೆಯಾದರೂ ಅಷ್ಟೇ. ಮೊದಲು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಜೊತೆಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಎರಡು ಬೇರೆ ಬೇರೆ ಪೈಪುದಾರಿಯಲ್ಲಿ ಚಕ್ರಗಳಿಗೆ ತಳ್ಳುವ ಭಾಗ) ಹಾಕಿಸಿ. ಹಳೆಯದರಲ್ಲಿ ಒಂದು ಪೈಪು ಒಡೆದರೂ ನಾಲ್ಕೂ ಬ್ರೇಕ್ ಹೋಗುತ್ತವೆ, ನನಗೆ ಅದೇ ದೊಡ್ಡ ಭಯ. ಇಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಘಾಟಿ ಇಳಿಯುವಾಗ ಸೆಕೆಂಡ್ ಗೇರ್ ಬಿಡಬೇಡಿ.